ರೇಸ್ ಕೊಟ್ಟರೆ ಗಾಡಿ ತಡವರಿಸುತ್ತದೆಯೇ? ಹಳೆಯ ಕಾರ್ಬರೇಟರ್ ಬಿಚ್ಚುವ ಮೊದಲು ನೋಡಬೇಕಾದದ್ದು

ಚಿತ್ತಾಪುರ ಕಡೆಯ ತೊಗರಿ ರೈತರೊಬ್ಬರು ಕಳೆದ ಬೇಸಿಗೆಯಲ್ಲಿ ತಮ್ಮ ಹಳೆಯ ಸ್ಪ್ಲೆಂಡರ್ ಮೇಲೆ ಕಲಬುರಗಿಯ ಸೇಡಂ ರೋಡಿನಲ್ಲಿರುವ ನಮ್ಮ ಗ್ಯಾರೇಜಿಗೆ ಬಂದರು. ಬಂದವರೇ ಹ್ಯಾಂಡಲ್‌ಗೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬರೇಟರ್, ಒಂದಲ್ಲ ಎರಡು, ಉರುಳಿ ಬಿದ್ದವು.

"ಮೂರನೇದು ಗಾಡಿ ಮ್ಯಾಲೇ ಅದ ತಮ್ಮಾ. ಮೂರೂ ಹಂಗೇ ಅದಾವ. ರೇಸ್ ಕೊಟ್ರ ಒಂದ್ ಗಳಿಗಿ ಸತ್ತಂಗ ಆಗ್ತದ, ಆಮ್ಯಾಲ ಒಮ್ಮಿಗೇ ಹಾರ್ತದ. ಗಂಜ್ ಮಾರ್ಕೆಟ್ನಾಗ ಲಾರಿ ಮುಂದ ಹಂಗ ಆತಂದ್ರ ನನ್ ಕಥಿ ಮುಗೀತು."

ಮೂರು ಕಾರ್ಬರೇಟರ್‌ಗೂ ಒಂದೇ ರೋಗ ಎಂದರೆ ರೋಗ ಕಾರ್ಬರೇಟರಿನೊಳಗೆ ಇರುವುದು ಕಷ್ಟ. ಕಾಕಾನಿಗೆ ಅಷ್ಟು ಹೇಳಿ ಒಂದು ಚಹಾ ತರಿಸಿದೆ.

ರೇಸ್ ಕೊಟ್ಟಾಗ ಗಾಡಿ ತಡವರಿಸಿತೆಂದರೆ ನಮ್ಮ ಕಡೆ ಮೊದಲು ಕೈ ಹೋಗುವುದು ಕಾರ್ಬರೇಟರ್‌ಗೇ. ಬಿಚ್ಚು, ಪೆಟ್ರೋಲಿನಲ್ಲಿ ತೊಳಿ, ಹವಾ ಹೊಡಿ, ಕಟ್ಟು. ಆಗಲಿಲ್ಲವೇ, ಹೊಸದು ಹಾಕು. ಪಾನಾ ಹಿಡಿದ ಹೊಸತರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಈಗ ಬಿಚ್ಚುವುದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಬಿಚ್ಚಿದ್ದರಿಂದ ನೆಟ್ಟಗಾದ ಗಾಡಿ ಎಷ್ಟೋ ನೋಡಿದ್ದೇನೆ, ಆದರೆ ಬಿಚ್ಚಿ ಬಿಚ್ಚಿಯೇ ಕೆಟ್ಟ ಗಾಡಿಗಳನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳು ಬಹುತೇಕ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮುವ ಫ್ಯೂಯೆಲ್ ಇಂಜೆಕ್ಷನ್ ಆದವು. ಆಮೇಲೆ ಕೆಲಸಕ್ಕೆ ಬಂದ ಹುಡುಗರ ಕೈಗೆ ಕಾರ್ಬರೇಟರ್ ಸಿಗುವುದು ಅಪರೂಪಕ್ಕೆ. ಅವರಿಗೂ, ಹಳೆಯ ಗಾಡಿ ಬಿಡಲೊಲ್ಲದ ಕಾಕಾನಂಥವರಿಗೂ ಉಪಯೋಗವಾಗಲಿ ಎಂದು ನಾನು ಹುಡುಕುವ ರೀತಿಯನ್ನು ಬರೆಯುತ್ತಿದ್ದೇನೆ.

ಮೊದಲು ಮಾತು, ಆಮೇಲೆ ಪಾನಾ

"ಪಿಕಪ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ನಮ್ಮ ಗಿರಾಕಿಗಳು ಐದಾರು ಬೇರೆ ಬೇರೆ ಬೇನೆ ಹೇಳುತ್ತಾರೆ. ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ರೇಸ್ ಬಿಟ್ಟು ಹಿಡಿದಾಗ ಕಟಕ್ ಎಂದು ಎಳೆದರೆ ಮೊದಲು ಚೈನ್ ಸಡಿಲವಿದೆಯೇ ನೋಡಿ. ಒಂದೇ ವೇಗದಲ್ಲಿ ಹೋಗುವಾಗಲೂ ನಡುನಡುವೆ ಪಟ್ ಎಂದು ತಪ್ಪಿದರೆ ಅದು ಮಿಸ್ಸಿಂಗ್, ಬಹಳ ಸಲ ಪ್ಲಗ್ಗಿಗೆ ಕಿಡಿ ಕೊಡುವ ಕರೆಂಟಿನದು. ನಾನು ಇಲ್ಲಿ ಹೇಳುತ್ತಿರುವುದು ಇವ್ಯಾವೂ ಅಲ್ಲ. ಹಿಡಿಕೆ ತಿರುಗಿಸಿದಿರಿ, ಎಂಜಿನ್ ಒಂದು ಕ್ಷಣ ಉಸಿರು ಹಿಡಿಯಿತು, "ಬೊಪ್" ಎಂದಿತು, ಆಮೇಲೆ ಎತ್ತಿಕೊಂಡಿತು. ಆ ಒಂದು ಕ್ಷಣದ ಮಾತು.

ಆ ಕ್ಷಣದಲ್ಲಿ ಒಳಗೆ ಆಗುವುದು ಇಷ್ಟು. ಹಿಡಿಕೆ ತಿರುಗಿಸಿದರೆ ಕಾರ್ಬರೇಟರಿನ ಗಾಳಿ ದಾರಿಯನ್ನು ತೆರೆಯುವ ಬಾಗಿಲು ಸ್ಲೈಡ್. ಅದು ಮೇಲೆದ್ದ ಕೂಡಲೇ ಗಾಳಿ ನುಗ್ಗುತ್ತದೆ, ಗಾಳಿ ಹಗುರ. ಪೆಟ್ರೋಲ್ ಭಾರ, ಅದು ಕಾರ್ಬರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನಿಂದ ಏರಿ ಬರಬೇಕು. ಅದನ್ನು ಮೇಲಕ್ಕೆ ಎಳೆಯುವ ಸೆಳೆತವೂ ದಾರಿ ಒಮ್ಮೆಲೇ ಅಗಲವಾದ್ದರಿಂದ ಕುಸಿಯುತ್ತದೆ. ಗಾಳಿ ಬಂತು, ಪೆಟ್ರೋಲ್ ಹಿಂದೆ ಬಿತ್ತು. ನೆಟ್ಟಗಿರುವ ಗಾಡಿಯಲ್ಲಿ ಈ ಅಂತರ ನಿಮಗೆ ತಿಳಿಯುವುದೇ ಇಲ್ಲ. ಪೆಟ್ರೋಲ್ ಮೊದಲೇ ತುಸು ಕಡಿಮೆ ಬರುತ್ತಿದ್ದರೆ ಮಾತ್ರ ಅದು ಕೈಗೆ ತಾಗುತ್ತದೆ.

ಹಾಗಂತ ನಿಂತ ಗಾಡಿಯ ಹಿಡಿಕೆಯನ್ನು ಐಡಲಿನಿಂದ, ಅಂದರೆ ರೇಸ್ ಕೊಡದೆ ಎಂಜಿನ್ ತಾನೇ ಓಡುತ್ತಿರುವಾಗ, ಪೂರ್ತಿ ಒಮ್ಮೆಲೇ ತಿರುಚಿ "ನೋಡ್ರಿ, ಹಿಡೀಲತ್ತದ" ಅನ್ನಬೇಡಿ. ಕೇಬಲ್ ನೇರವಾಗಿ ಸ್ಲೈಡ್ ಎತ್ತುವ ಕಾರ್ಬರೇಟರ್ ಬಹುತೇಕ ಆ ಏಟಿಗೆ ತಡವರಿಸುತ್ತದೆ, ಅದು ದೋಷವಲ್ಲ. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಝಡ್‌ನಲ್ಲಿ ಇದಕ್ಕೆಂದೇ ಒಂದು ಸಣ್ಣ ಪಂಪ್ ಇತ್ತು. ಹಿಡಿಕೆ ತಿರುಗಿಸಿದೊಡನೆ ಅದು ಕಾರ್ಬರೇಟರಿನ ಗಾಳಿ ಹಾಯುವ ಗಂಟಲೊಳಗೆ ಪೆಟ್ರೋಲ್ ಚಿಮ್ಮುತ್ತದೆ. ಅಂಥ ಗಾಡಿ ತಡವರಿಸಿದರೆ ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ಕಡೆಯಿಂದ ಇಣುಕಿ ಹಿಡಿಕೆ ತಿರುಗಿಸಿ. ಎಳೆಯಂಥ ಧಾರೆ ಚಿಮ್ಮದಿದ್ದರೆ ಪಂಪಿನ ರಬ್ಬರ್ ಹೋಗಿದೆ.

ಹಿಡಿಕೆಯ ಮೇಲೆ ಟೇಪ್

ಗ್ಯಾರೇಜಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು ಬಿಳಿ ಟೇಪ್ ಮತ್ತು ಒಂದು ಪೆನ್ನು. ರೇಸ್ ಹಿಡಿಕೆಯ ಒಳಅಂಚಿಗೆ ಒಂದು ಸುತ್ತು ಟೇಪ್, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ಒಂದು ಗೆರೆ. ಮೊದಲು ಕೇಬಲ್ ಸಡಿಲ ಎಷ್ಟಿದೆ ನೋಡಿ ಎರಡು ಮೂರು ಮಿಲಿಮೀಟರಿಗೆ ತನ್ನಿ. ಸಡಿಲ ಬಹಳವಿದ್ದರೆ ಅದನ್ನೇ ತಡವರಿಕೆ ಅಂದುಕೊಳ್ಳುವವರಿದ್ದಾರೆ. ಆಮೇಲೆ ಪೂರ್ತಿ ಮುಚ್ಚಿದ ಜಾಗ, ಪೂರ್ತಿ ತೆರೆದ ಜಾಗ ಗುರುತು ಮಾಡಿ, ನಡುವನ್ನು ನಾಲ್ಕು ಪಾಲು ಮಾಡಿ ಗೆರೆ ಎಳೆಯಿರಿ. ಬೆಳಗಿನ ಜಾವ ರಿಂಗ್ ರೋಡ್ ಖಾಲಿ ಇರುವ ಹೊತ್ತಿಗೆ ಎರಡನೇ, ಮೂರನೇ ಗೇರಿನಲ್ಲಿ ಓಡಿಸಿ ಯಾವ ಗೆರೆಗೆ ಬಂದಾಗ ಉಸಿರು ಹಿಡಿಯುತ್ತದೆ ನೋಡಿ. ಕಣ್ಣು ಮಾತ್ರ ರಸ್ತೆಯ ಮೇಲೇ ಇರಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗೆರೆ ನೋಡುವ ಕೆಲಸ ಅವರಿಗೆ ಕೊಟ್ಟರೆ ಇನ್ನೂ ಛಲೋ.

ಈ ಗೆರೆಗಳು ಯಾಕೆಂದರೆ ಕಾರ್ಬರೇಟರ್ ಒಳಗೆ ಪೆಟ್ರೋಲಿಗೆ ಒಂದೇ ದಾರಿ ಇಲ್ಲ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡಿಗೆ ಜೆಟ್ ಎನ್ನುತ್ತೇವೆ. ಮುಚ್ಚಿದಲ್ಲಿಂದ ಎಂಟನೇ ಒಂದು ಪಾಲು ತೆರೆಯುವವರೆಗೆ ಸ್ಲೋ ಜೆಟ್ ಮತ್ತು ಅದರ ಪಕ್ಕದ ಸೈಡ್ ಸ್ಕ್ರೂನದೇ ಕಾರಬಾರು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಡಿಯಲ್ಲಿರುವ ಕತ್ತರಿಸಿದ ಓರೆ ಹೇಳಿದಂತೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ನೇತಾಡುವ ಸೂಜಿಯಂಥ ಪಿನ್ನು ಮತ್ತು ಪಿನ್ನು ಇಳಿಯುವ ಹಿತ್ತಾಳೆ ಕೊಳವೆ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಒಂದರ ಕೆಲಸ ಇನ್ನೊಂದರ ಗಡಿಯೊಳಗೆ ಸ್ವಲ್ಪ ಹರಿಯುತ್ತದೆ, ಗೆರೆ ಎಳೆದಷ್ಟು ಕಟ್ಟುನಿಟ್ಟಲ್ಲ. ಆದರೂ ಕಾಲು ಭಾಗದ ಒಳಗೆ ತಡವರಿಸುವ ಗಾಡಿಗೆ ಮೇನ್ ಜೆಟ್ ಬದಲಿಸಿಕೊಟ್ಟು ಹಣ ತೆಗೆದುಕೊಂಡವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಊರೊಳಗೆ ಓಡಾಡುವ ಗಾಡಿ ಮೇನ್ ಜೆಟ್ಟಿನ ಮುಖ ನೋಡುವುದೇ ಅಪರೂಪ.

ಎಲ್ಲಿ ಎಂದು ತಿಳಿದ ಮೇಲೆ ಪೆಟ್ರೋಲ್ ಕಡಿಮೆಯೋ ಹೆಚ್ಚೋ ಎಂದು ತಿಳಿಯಬೇಕು. ಅದಕ್ಕೆ ಗಾಳಿಗಿಂತ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಅರ್ಧ ಎಳೆದು ಅದೇ ಗೆರೆಯಲ್ಲಿ ಓಡಿಸಿ. ತಡವರಿಕೆ ಕಡಿಮೆಯಾದರೆ ಪೆಟ್ರೋಲ್ ಕಡಿಮೆ ಬರುತ್ತಿದೆ, ಅಥವಾ ಗಾಳಿ ಹೆಚ್ಚು ಸೇರುತ್ತಿದೆ. ಇನ್ನೂ ಕೆಟ್ಟು ಗಡಗಡ ಅಂದು ಕರಿ ಹೊಗೆ ಬಿಟ್ಟರೆ ಪೆಟ್ರೋಲ್ ಹೆಚ್ಚು. ಏನೂ ವ್ಯತ್ಯಾಸವಿಲ್ಲದಿದ್ದರೆ ಕಾರ್ಬರೇಟರ್ ಬಿಟ್ಟು ಕರೆಂಟಿನ ಕಡೆ ಹೋಗಿ. ಬೆಳಿಗ್ಗೆ ತಣ್ಣಗಿದ್ದಾಗ ಹೆಚ್ಚು ಕಾಡಿ, ಬಿಸಿಯಾದಂತೆ ನೆಟ್ಟಗಾಗುವ ಗಾಡಿ ಸಾಮಾನ್ಯವಾಗಿ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಬಿಸಿಯಾದಂತೆ ಕೆಡುವುದು ಸಾಮಾನ್ಯವಾಗಿ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. "ಸಾಮಾನ್ಯವಾಗಿ" ಎಂಬ ಮಾತನ್ನು ನೆನಪಿಡಿ, ಕಾಕಾನ ಗಾಡಿ ಇದೇ ಜಾಗದಲ್ಲಿ ನನ್ನನ್ನು ಅರ್ಧ ದಿನ ದಾರಿ ತಪ್ಪಿಸಿತು.

ಟ್ಯಾಂಕಿನಿಂದ ಬಟ್ಟಲಿನವರೆಗೆ

ಪೈಪ್ ಕಿತ್ತು ಬಾಟಲಿಗೆ ಹಿಡಿದು ನಳ ತೆರೆಯಿರಿ. ಧಾರೆ ಕಡಿಯದೆ ಬೀಳಬೇಕು. ಮೊದಲು ಜೋರಾಗಿ ಬಿದ್ದು ಒಂದೆರಡು ನಿಮಿಷದಲ್ಲಿ ಹನಿಯಾದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಧಾರೆ ಮತ್ತೆ ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಮೊದಲಿನಿಂದಲೂ ಸಣಕಲಾಗಿದ್ದರೆ ನಳದ ಜಾಳಿಗೆಯಲ್ಲಿ ಕಚರಾ ಇದೆ. ಆದರೆ ಇದು ಕೊಡುವ ಕಾಟದ ರೀತಿ ಬೇರೆ. ಉದ್ದ ರಸ್ತೆಯಲ್ಲಿ ಜೋರಾಗಿ ಎಳೆದಾಗ ಬಟ್ಟಲು ಖಾಲಿಯಾಗಿ ಗಾಡಿ ಸೊರಗುತ್ತದೆ, ನಿಧಾನ ಮಾಡಿದರೆ ಮತ್ತೆ ಸರಿ. ಸಿಗ್ನಲ್ಲಿನಲ್ಲಿ ಹೊರಡುವಾಗ ತಡವರಿಸುವುದಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಬಟ್ಟಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಿಡಿ. ಬೆಳಕಿಗೆ ಹಿಡಿದು ಒಂದೆರಡು ನಿಮಿಷ ಅಲುಗಾಡಿಸದೆ ಇಡಿ. ಅಡಿಯಲ್ಲಿ ಗುಂಡಗೆ ಹೊರಳುವ ಹನಿ ಕಂಡರೆ ನೀರು. ಕೆಂಪು ಪುಡಿ ಕಂಡರೆ ಟ್ಯಾಂಕ್ ತುಕ್ಕು. ಇದೊಂದು ನೋಟಕ್ಕೆ ಕಾರ್ಬರೇಟರ್ ಇಳಿಸಬೇಕಾಗಿಲ್ಲ, ಐದು ನಿಮಿಷದ ಕೆಲಸ. ಮಳೆಗಾಲದಲ್ಲಿ ನಾನು ಮೊದಲು ಮಾಡುವುದೇ ಇದನ್ನು.

ಪೆಟ್ರೋಲಿನ ಮಾತು ಬಂತು, ಆದ್ದರಿಂದ ಎಥೆನಾಲ್ ಬಗ್ಗೆಯೂ ಹೇಳಿಬಿಡುತ್ತೇನೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಇ-20 ಪೆಟ್ರೋಲ್ 2023ರಿಂದ ಬಂಕುಗಳಿಗೆ ಬರತೊಡಗಿತು. ಎಥೆನಾಲ್‌ನೊಳಗೇ ಆಮ್ಲಜನಕ ಇದೆ. ಅದಕ್ಕೇ ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕಾದರೆ ಇ-20ಕ್ಕೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಈ ವ್ಯತ್ಯಾಸವನ್ನು ತನ್ನ ಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಕಾರ್ಬರೇಟರಿನ ಜೆಟ್ಟಿಗೆ ಅದೆಲ್ಲ ತಿಳಿಯದು, ಮೊದಲಿನಷ್ಟೇ ಅಳೆದು ಕೊಡುತ್ತದೆ. ಹೀಗಾಗಿ ಬರೀ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಗಾಡಿ ಇ-20ರಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ಲೀನ್ ಆಗಿ ಓಡುತ್ತದೆ. ಮೊದಲೇ ಅಂಚಿನಲ್ಲಿದ್ದ ಗಾಡಿ ಈಗ ತಡವರಿಸಿದರೆ ಆಶ್ಚರ್ಯವಿಲ್ಲ. ಇದರ ಜೊತೆಗೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಉಬ್ಬಿಸುತ್ತದೆ, ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಹೊಲಸನ್ನು ಸಡಿಲಿಸಿ ಜೆಟ್ಟಿಗೆ ತಂದು ಹಾಕುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಪೆಟ್ರೋಲ್ ತಲೆಗೆ ಕಟ್ಟುವುದು ಈಗ ರೂಢಿಯಾಗಿಬಿಟ್ಟಿದೆ. ನಿಮ್ಮ ಗಾಡಿ ಹಾಕಿಸಿಕೊಂಡ ಅದೇ ಬಂಕಿನಲ್ಲಿ ಊರೆಲ್ಲ ಹಾಕಿಸಿಕೊಳ್ಳುತ್ತದೆ. ಹವಾ ಲೀಕ್ ಇಲ್ಲ, ಜೆಟ್ ಸ್ವಚ್ಛ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ ಇದಕ್ಕೆ ಪರಿಹಾರ ಮಾಡಿ. ಪಿನ್ನಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗೆ ಹಾಕಿದರೆ ಪಿನ್ನು ಮೇಲೇರಿ ನಡುಭಾಗದಲ್ಲಿ ಪೆಟ್ರೋಲ್ ತುಸು ಹೆಚ್ಚುತ್ತದೆ. ಶುರುವಿನ ತಡವರಿಕೆಗೆ ಸ್ಕ್ರೂ ತಿದ್ದಿ ಸಾಲದಿದ್ದರೆ ಸ್ಲೋ ಜೆಟ್ ಒಂದು ನಂಬರ್ ದೊಡ್ಡದು.

ಕಳ್ಳ ಗಾಳಿ

ಈಗ ಕಾಕಾನ ಗಾಡಿಗೆ ಬರೋಣ. ಟೇಪ್ ಹಾಕಿ ಓಡಿಸಿದೆ, ಕಾಲು ಭಾಗದ ಒಳಗೇ ಹಿಡಿಯುತ್ತಿತ್ತು. ಚೋಕ್ ಅರ್ಧ ಎಳೆದರೆ ಸುಧಾರಿಸಿತು, ಅಂದರೆ ಲೀನ್. ಆದರೆ ತಣ್ಣಗಿದ್ದಾಗ ಪರವಾಗಿಲ್ಲ, ಬಿಸಿಯಾದ ಮೇಲೆ ಹೆಚ್ಚು. ಲೀನ್ ಗಾಡಿ ಹೀಗೆ ಮಾಡಬಾರದಲ್ಲ ಎಂದು ತಲೆ ಕೆರೆದುಕೊಂಡು ಪ್ಲಗ್, ಕಾಯಿಲ್ ಎಂದು ಊಟದ ಹೊತ್ತಿನವರೆಗೆ ಅಲೆದೆ. ಆಮೇಲೆ ಐಡಲ್ ವೇಗ ಹೊಂದಿಸುವ ಐಡಲ್ ಸ್ಕ್ರೂ ಕಡೆ ಕಣ್ಣು ಹೋಯಿತು. ಇರಬೇಕಾದ್ದಕ್ಕಿಂತ ಎರಡು ಮೂರು ಸುತ್ತು ಒಳಗೆ ಇತ್ತು. ಯಾರೋ ಐಡಲ್ ನಿಲ್ಲದ್ದಕ್ಕೆ ಅದನ್ನು ತಿರುವಿ ತಿರುವಿ ನಿಲ್ಲಿಸಿದ್ದರು. ರೇಸ್ ಕೊಟ್ಟು ಬಿಟ್ಟೆ. ಎಂಜಿನ್ ಕೂಡಲೇ ಇಳಿಯಲಿಲ್ಲ, ಒಂದೆರಡು ಸೆಕೆಂಡ್ ಮೇಲೇ ತೇಲಿ ಆಮೇಲೆ ಇಳಿಯಿತು.

ರೇಸ್ ಬಿಟ್ಟ ಮೇಲೂ ಹೀಗೆ ತೇಲಿದರೆ ಕಾರ್ಬರೇಟರ್ ದಾಟಿದ ಮೇಲೆ ಎಲ್ಲಿಂದಲೋ ಗಾಳಿ ಕದ್ದು ಒಳಗೆ ಹೋಗುತ್ತಿದೆ ಎಂದೇ ಮೊದಲು ತಿಳಿಯಬೇಕು. ಲೆಕ್ಕಕ್ಕೆ ಸಿಗದ ಗಾಳಿ ಅದು. ಜೆಟ್ ಎಷ್ಟು ತೊಳೆದರೂ ಅದು ನಿಲ್ಲುವುದಿಲ್ಲ.

ಹುಡುಕಲು ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ. ದಯವಿಟ್ಟು ಬೇಡ. ಬಿಸಿ ಸೈಲೆನ್ಸರ್, ಪಕ್ಕದಲ್ಲೇ ಪ್ಲಗ್. ಒಮ್ಮೆ ನನ್ನ ಕಣ್ಣೆದುರೇ ಭಗ್ ಎಂದು ಹತ್ತಿಕೊಂಡಿತ್ತು. ಮರಳಿನ ಬಕೆಟ್ ಕೈಗೆಟುಕುವಲ್ಲಿತ್ತು, ಅದಕ್ಕೆ ಹುಬ್ಬಿನ ಕೂದಲಿಗೇ ಮುಗಿಯಿತು. ಬಟ್ಟೆ ಇಸ್ತ್ರಿ ಮಾಡುವವರು ಬಳಸುವ ನೀರಿನ ಸ್ಪ್ರೇ ಬಾಟಲಿ ಸಾಕು. ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಬಿಟ್ಟು, ಕಾರ್ಬರೇಟರ್ ಮತ್ತು ಎಂಜಿನ್ ಹೆಡ್ ನಡುವಿನ ಪ್ರತಿ ಸಂದಿಗೆ ಒಂದೊಂದೇ ಬದಿಯಿಂದ ನೀರು ಸಿಂಪಡಿಸಿ, ಕಿವಿಗೊಡಿ. ಸೀಳಿರುವಲ್ಲಿ ನೀರು ಒಂದು ಗಳಿಗೆ ಸಂದಿಯನ್ನು ಮುಚ್ಚುತ್ತದೆ, ಎಂಜಿನ್ ಸದ್ದು ಬದಲಾಗುತ್ತದೆ. ಪ್ಲಗ್ ಕ್ಯಾಪ್ ಮೇಲೆ ಮಾತ್ರ ನೀರು ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಇಲ್ಲದ ರೋಗ ಹುಟ್ಟುತ್ತದೆ.

ಕಾಕಾನ ಗಾಡಿಯಲ್ಲಿ ಕಾರ್ಬರೇಟರ್ ಮತ್ತು ಎಂಜಿನ್ ನಡುವಿನ ಕರಿ ಬಿಲ್ಲೆಯ ಕೆಳಗಡೆ ನೀರು ತಾಗಿದ ಕೂಡಲೇ ಸದ್ದು ಇಳಿಯಿತು. ಆ ಬಿಲ್ಲೆ ಎಂಜಿನ್ನಿನ ಕಾವು ಕಾರ್ಬರೇಟರಿಗೆ ಏರದಂತೆ ತಡೆಯುವ ಇನ್ಸುಲೇಟರ್. ಇಳಿಸಿ ನೋಡಿದರೆ ಬೋಲ್ಟಿನ ತೂತಿನಿಂದ ನಡುವಿನ ತೂತಿನವರೆಗೆ ಕೂದಲೆಳೆಯಂಥ ಸೀಳು. ತಣ್ಣಗಿದ್ದಾಗ ಸೀಳು ಕೂಡಿಕೊಳ್ಳುತ್ತಿತ್ತು, ಕಾವೇರಿದರೆ ಬಾಯಿ ಬಿಡುತ್ತಿತ್ತು. ಸಂದಿ ಮುಚ್ಚುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಣಗಿ ಚಪ್ಪಟೆಯಾಗಿ ಬಳೆಚೂರಿನ ಹಾಗೆ ಗಟ್ಟಿಯಾಗಿತ್ತು. ಎರಡು ಸಲ ಕಾರ್ಬರೇಟರ್ ಬದಲಿಸಿದವರು ಎರಡು ಸಲವೂ ಇದೇ ಬಿಲ್ಲೆ, ಇದೇ ಓ-ರಿಂಗ್ ಹಾಕಿ ಬಿಗಿದಿದ್ದರು. ಪ್ರತಿ ಸಲ ಹಿಂದಿನ ಸಲಕ್ಕಿಂತ ಜೋರಾಗಿ.

ಬಿಗಿಯುವುದೇ ಇಲ್ಲಿ ಮುಖ್ಯ ಅಪರಾಧಿ. ಕಾರ್ಬರೇಟರ್ ಹಿಡಿದಿರುವುದು ಹತ್ತನೇ ನಂಬರ್ ಪಾನಾದ ಎರಡು ಸಣ್ಣ ಬೋಲ್ಟ್. ಅದರ ಮೈ ಮೆತ್ತನೆಯ ಲೋಹ. ಎರಡು ಕಿವಿಗಳನ್ನು ಮೈಮೇಲೆ ಬಂದವರಂತೆ ಬಿಗಿದರೆ ಕಿವಿಗಳು ಎಂಜಿನ್ ಕಡೆ ಬಾಗುತ್ತವೆ, ನಡುಭಾಗ ಹಿಂದೆ ಸರಿದು ಸಂದಿ ಬೀಳುತ್ತದೆ. ಲೀಕ್ ನಿಲ್ಲಲೆಂದು ಇನ್ನಷ್ಟು ಬಿಗಿದರೆ ಇನ್ನಷ್ಟು ಬಾಗುತ್ತದೆ. ಚೀಲದಲ್ಲಿದ್ದ ಎರಡರಲ್ಲಿ ಗಾಡಿಯ ಜೊತೆಗೇ ಬಂದಿದ್ದ ಮೂಲ ಕಾರ್ಬರೇಟರ್ ಹೀಗೆ ಬಾಗಿತ್ತು. ಸ್ಟೀಲ್ ಸ್ಕೇಲನ್ನು ಅದರ ಮುಖಕ್ಕೆ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕು ಕಾಣುತ್ತಿತ್ತು.

ಸರಿಮಾಡುವುದು ಸುಲಭ. ಒಳಗಿನ ಸಾಮಾನೆಲ್ಲ ತೆಗೆದು, ದಪ್ಪ ಗಾಜಿನ ಮೇಲೆ ನಾನೂರು ನಂಬರಿನ ಉಪ್ಪುಕಾಗದ ಹಾಸಿ, ಎಂಟರ ಆಕಾರದಲ್ಲಿ ನಿಧಾನಕ್ಕೆ ಉಜ್ಜಿ. ಮುಖವೆಲ್ಲ ಒಂದೇ ಹೊಳಪು ಬಂದಾಗ ನಿಲ್ಲಿಸಿ. ನಮ್ಮ ಹುಡುಗ ಒಮ್ಮೆ ಗಾಜು ಸಿಗಲಿಲ್ಲವೆಂದು ಪಾಲಿಶ್ ಮಾಡಿದ ಶಹಾಬಾದ್ ಪರ್ಸಿಯ ತುಂಡಿನ ಮೇಲೆ ಉಜ್ಜಿದ್ದ. ಆ ಕಲ್ಲು ಕಣ್ಣಿಗೆ ನುಣುಪು, ಸ್ಕೇಲಿಗೆ ಅಲ್ಲ. ಬಾಗಿದ್ದಕ್ಕಿಂತ ಹೆಚ್ಚು ಕೆಡಿಸಿ ತಂದಿದ್ದ. ಉಜ್ಜಿದ ಮೇಲೆ ಓ-ರಿಂಗ್ ಕೂರುವ ಕಚ್ಚಿನ ಆಳ ಉಳಿದಿದೆಯೇ ನೋಡಿ. ಕಟ್ಟುವಾಗ ಎರಡೂ ಬೋಲ್ಟನ್ನು ಅದೊಂದಿಷ್ಟು ಇದೊಂದಿಷ್ಟು ಎಂದು ಸಮನಾಗಿ ಬಿಗಿಯಿರಿ. ಮಣಿಕಟ್ಟಿನ ಬಲ ಸಾಕು, ಭುಜದ ಬಲ ಬೇಡ.

1985ರಿಂದ 1996ರವರೆಗೆ ಇಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ 100 ಇನ್ನೂ ನಮ್ಮ ಓಣಿಗಳಲ್ಲಿ ಬೇಕಾದಷ್ಟಿವೆ. ಅದರಲ್ಲಿ ನೋಡಬೇಕಾದದ್ದು ಕಾರ್ಬರೇಟರನ್ನು ಎಂಜಿನ್ನಿಗೆ ಕೂಡಿಸುವ ರಬ್ಬರ್ ಕೊಳವೆ, ಅಂದರೆ ಮ್ಯಾನಿಫೋಲ್ಡ್. ಬೆರಳಿನಿಂದ ಬಗ್ಗಿಸಿದರೆ ಸೀಳುಗಳು ಬಾಯಿ ತೆರೆಯುತ್ತವೆ. ಅದರ ಆಚೆ, ಒಳಗೆ ಹೋದದ್ದನ್ನು ಹಿಂದಕ್ಕೆ ಬಿಡದ ರೀಡ್ ಎಸಳಿನ ತುದಿ ಮುರಿದಿದ್ದರೂ ಶುರುವಿನಲ್ಲಿ ಹೀಗೇ ತಡವರಿಸುತ್ತದೆ. ಇವೆರಡನ್ನು ನೋಡದೆ ಆ ಗಾಡಿಯ ಕಾರ್ಬರೇಟರ್ ಮುಟ್ಟಬೇಡಿ.

ಧೂಳು, ಹುಳ, ಬಿಸಿಲು

ಏರ್ ಫಿಲ್ಟರ್ ತೆಗೆದು ನೋಡಿದರೆ ಗಾಡಿ ಯಾವ ಕಡೆಯದೆಂದು ನಾನು ಹೇಳಬಲ್ಲೆ. ಕರಿ ಪುಡಿಯಿದ್ದರೆ ಎರೆಹೊಲದ ದಾರಿ, ಬೂದಿಯಂಥದ್ದಿದ್ದರೆ ವಾಡಿ-ಸೇಡಂ ಕಡೆಯ ಸಿಮೆಂಟು, ಬಿಳಿಚಿದ್ದರೆ ಪರ್ಸಿ ಪಾಲಿಶ್ ಮಷೀನಿನ ಪಕ್ಕ ನಿಲ್ಲುವ ಗಾಡಿ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಗಾಡಿ ರಿಚ್ ಆಗುತ್ತದೆ. ಹೆಚ್ಚು ತೆರೆದಷ್ಟೂ ಗಂಟಲು ಕಟ್ಟಿದವರಂತೆ ಗೊರಗೊರ ಎನ್ನುತ್ತದೆ, ಪ್ಲಗ್ ಮಸಿಯಾಗುತ್ತದೆ. ಇದಕ್ಕೆ ಉತ್ತರ ಫಿಲ್ಟರ್ ತೊಳೆಯುವುದು ಅಥವಾ ಬದಲಿಸುವುದು. ಫಿಲ್ಟರನ್ನೇ ಕಿತ್ತೆಸೆದು "ಈಗ ಪಿಕಪ್ ಬಂತ್ ನೋಡ್ರಿ" ಎನ್ನುವ ವಿದ್ಯೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಎರೆ ಧೂಳು ಸಿಲಿಂಡರ್ ತಿಂದು ಹಾಕುವುದು ಗೊತ್ತಾಗುವುದು ಎಣ್ಣೆ ಸುಡತೊಡಗಿದ ಮೇಲೆ.

ಅಫಜಲಪುರ ಕಡೆಯ ಒಂದು ಹಳೆಯ ಬುಲೆಟ್ ಹೊಲದ ಕೊಟ್ಟಿಗೆಯಲ್ಲಿ ನಾಲ್ಕೈದು ತಿಂಗಳು ನಿಂತು ಬಂದಿತ್ತು. ಐಡಲ್ ಚೆನ್ನ, ರೇಸ್ ಹಿಡಿದು ಎರಡು ಮೂರು ಸೆಕೆಂಡಿಗೆ ಸಾಯುತ್ತಿತ್ತು. ಪೆಟ್ರೋಲ್ ಧಾರೆ ಸರಿ, ಜೆಟ್ ಸರಿ, ಕಿಡಿಗಾಗಿ ಕರೆಂಟು ಕಡಿದು ಕೂಡಿಸುವ ಪಾಯಿಂಟ್ ಸರಿ. ಕೊನೆಗೆ ಸಿಕ್ಕಿದ್ದು ಕಾರ್ಬರೇಟರ್ ಬಟ್ಟಲಿಗೆ ಗಾಳಿಯಾಡಲು ಇರುವ ಸಣ್ಣ ತೂತಿನಲ್ಲಿ. ಮಣ್ಣಿನ ಗೂಡು ಕಟ್ಟುವ ಹುಳ ಅದನ್ನು ನೀಟಾಗಿ ಮೆತ್ತಿ ಮುಚ್ಚಿತ್ತು. ಮೇಲಿನಿಂದ ಗಾಳಿಯ ಒತ್ತಡ ಇಲ್ಲದಿದ್ದರೆ ಪೆಟ್ರೋಲ್ ಜೆಟ್ಟಿನ ಕಡೆಗೆ ಏರುವುದಿಲ್ಲ. ನಿಂತು ಬಂದ ಗಾಡಿ ಎಂದರೆ ಈಗ ನಾನು ಮೊದಲು ತೂತುಗಳನ್ನು ಎಣಿಸುತ್ತೇನೆ.

ಬಿಸಿಲಿನದು ಬೇರೆ ಆಟ. ಮೇ ತಿಂಗಳಲ್ಲಿ ನಮ್ಮ ಊರು 43, 44 ಡಿಗ್ರಿ ಮುಟ್ಟುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯನ್ನು ಹತ್ತು ನಿಮಿಷದ ನಂತರ ಎಬ್ಬಿಸಿದರೆ ಒಂದರ್ಧ ಕಿಲೋಮೀಟರ್ ತಡವರಿಸಿ ಆಮೇಲೆ ತಾನೇ ಸರಿಯಾಗುವುದುಂಟು. ಬಟ್ಟಲಿನ ಪೆಟ್ರೋಲ್ ಕಾದು ಗುಳ್ಳೆ ಎದ್ದದ್ದು ಅದು, ಹೊಸ ಪೆಟ್ರೋಲ್ ಇಳಿದರೆ ತಣ್ಣಗಾಗುತ್ತದೆ. ಮೇಲೆ ಹೇಳಿದ ಕರಿ ಬಿಲ್ಲೆ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಬೇರೆ ಗಾಡಿಯ ಕಾರ್ಬರೇಟರ್ ಕೂರಿಸಲು ಜಾಗ ಸಾಲಲಿಲ್ಲವೆಂದು ಅದನ್ನು ಬಿಸಾಡಿದ ಗಾಡಿಗಳು ನನ್ನ ಕೈಗೆ ಬಂದಿವೆ.

ಕರೆಂಟಿನ ಸರದಿ

ಚೋಕ್‌ಗೆ ಗಾಡಿ ಓಗೊಡದಿದ್ದಾಗ ಇಲ್ಲಿಗೆ ಬನ್ನಿ. ರೇಸ್ ಕೊಟ್ಟಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ಬಲ ಬೇಕಾಗುತ್ತದೆ. ಐಡಲಿನಲ್ಲಿ ಚೆನ್ನಾಗಿರುವ ಸೊರಗಿದ ಕಿಡಿ ಆಗ ಕೈ ಕೊಡುತ್ತದೆ. ಹೀಗಾಗಿ ಇದು ಥೇಟ್ ಕಾರ್ಬರೇಟರ್ ರೋಗದಂತೆಯೇ ಕಾಣುತ್ತದೆ. ಹೊಸ ಪ್ಲಗ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಪ್ಲಗ್ ಕ್ಯಾಪ್ ತಿರುವಿ ತೆಗೆದು ವೈರಿನ ತುದಿ ಹಸಿರುಗಟ್ಟಿದ್ದರೆ ಕಾಲು ಇಂಚು ಕತ್ತರಿಸಿ ಮತ್ತೆ ಹಾಕಿ. ರಾತ್ರಿ ದೀಪ ಆರಿಸಿ ಎಂಜಿನ್ ಓಡಿಸಿ ನೋಡಿ, ವೈರಿನ ಮೈಯಿಂದ ನೀಲಿ ಕಿಡಿ ಹಾರುವುದು ಬರಿಗಣ್ಣಿಗೇ ಕಾಣುತ್ತದೆ. ಪಾಯಿಂಟ್ ಇರುವ ಹಳೆಯ ಬುಲೆಟ್‌ನಲ್ಲಿ ಪಾಯಿಂಟ್ ಅಂತರ 0.35ರಿಂದ 0.40 ಮಿಲಿಮೀಟರ್ ಇರಲಿ, ಮುಖ ಸುಟ್ಟಿದ್ದರೆ ಉಜ್ಜಿ. ವಾಲ್ವಿನ ಮೇಲೆ ಬಿಡುವ ಸಂದಿ ಸಾಲದೆ ಟ್ಯಾಪೆಟ್ ಬಿಗಿಯಾಗಿದ್ದರೂ ಗಾಡಿ ಹೀಗೆ ಮಾಡುತ್ತದೆ. ತಣ್ಣಗಿದ್ದಾಗ ಸಂದಿ ಅಳೆಯುವ ತೆಳು ಪಟ್ಟಿ, ಅಂದರೆ ಫಿಲ್ಲರ್ ಗೇಜ್, ಹಾಕಿ ನೋಡಿ, ಕೈ ಅಂದಾಜು ನಂಬಬೇಡಿ.

ಇನ್ನು ಬಿಚ್ಚಬಹುದು

ಇಷ್ಟೆಲ್ಲ ಆದ ಮೇಲೂ ಗಾಡಿ ತಡವರಿಸುತ್ತಿದ್ದರೆ ಕಾರ್ಬರೇಟರ್ ಬಿಚ್ಚಿ. ಬಿಚ್ಚುವ ಮೊದಲು ಸೈಡ್ ಸ್ಕ್ರೂ ನಿಧಾನಕ್ಕೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಡಿ. ಒತ್ತಿ ಕೂರಿಸಬೇಡಿ, ತುದಿ ಮುರಿದರೆ ಮೈಯೇ ಹೋಯಿತು. ಕಾಲು ಭಾಗದೊಳಗಿನ ದೋಷಕ್ಕೆ ಸ್ಲೋ ಜೆಟ್ ನೋಡಬೇಕು. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆಳಕಿಗೆ ಹಿಡಿದಾಗ ದುಂಡಗೆ ಕಾಣಬೇಕು, ಅರ್ಧಚಂದ್ರ ಕಂಡರೆ ಕಟ್ಟಿದೆ. ಪೆಟ್ರೋಲ್ ಒಣಗಿ ಉಳಿದ ಅಂಟು ಹವಾ ಹೊಡೆದರೆ ಹೋಗುವುದಿಲ್ಲ, ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಉಕ್ಕಿನ ತಂತಿ, ಸೂಜಿ, ಪಿನ್ನು ಹಾಕಿ ತಿವಿದರೆ ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಜೆಟ್ ಕೂರುವ ಗುಂಡಿಯಿಂದ ಗಂಟಲಿಗೆ ಹೋಗುವ ಸಣ್ಣ ತೂತುಗಳನ್ನು ಮರೆಯಬೇಡಿ. ಸ್ಲೈಡ್ ಎದ್ದ ಮೊದಲ ಕ್ಷಣಕ್ಕೆ ಪೆಟ್ರೋಲ್ ಕೊಡುವುದು ಅವೇ, ಜೆಟ್ ತೊಳೆದು ಇವನ್ನು ಬಿಟ್ಟರೆ ತೊಳೆದದ್ದು ದಂಡ.

ಬಟ್ಟಲಿನೊಳಗೆ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಸದ್ದಾದರೆ ತೂತಾಗಿದೆ. ಎತ್ತರವನ್ನು ಆ ಗಾಡಿಯ ಅಳತೆಗೆ ಹೊಂದಿಸಿ. ಎಪ್ಪತ್ತು ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಯಾದರೆ ಪಿನ್ನಿನ ಮೈಮೇಲೆ ಉಗುರು ಆಡಿಸಿ, ಏರಿಳಿತ ತಾಗಿದರೆ ಪಿನ್ನು ಮತ್ತು ಅದರ ಕೊಳವೆ ಎರಡನ್ನೂ ಜೋಡಿಯಾಗಿ ಬದಲಿಸಿ. ಇದು ರಿಚ್ ಮಾಡುವ ದೋಷ, ಮೈಲೇಜ್ ಬಿದ್ದಿರುತ್ತದೆ. ಸ್ಲೈಡ್ ಎತ್ತಲು ತೆಳು ರಬ್ಬರ್ ಪರದೆ, ಅಂದರೆ ಡಯಾಫ್ರಮ್ ಇರುವ ಹಳೆಯ ಪಲ್ಸರ್‌ನಂಥ ಗಾಡಿಯಲ್ಲಿ ಮೇಲಿನ ಮುಚ್ಚಳ ತೆಗೆದು ಡಯಾಫ್ರಮ್ಮನ್ನು ಬೆಳಕಿಗೆ ಚಾಚಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಸ್ಲೈಡ್ ಏಳುವುದು ತಡವಾಗುತ್ತದೆ. ಅದನ್ನು ತೆಗೆಯದೆ ಹವಾ ಹೊಡೆದರೆ ನೀವೇ ಅದನ್ನು ಹರಿದಂತೆ.

ಸೈಡ್ ಸ್ಕ್ರೂ ಬಗ್ಗೆ ಒಂದು ಗೊಂದಲ ಎಲ್ಲರಿಗೂ ಇದೆ. ಅದು ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಒಳಗೆ ತಿರುಗಿಸಿದರೆ ಲೀನ್. ಉಲ್ಟಾ ತಿಳಿದವರು ಗಾಡಿಯನ್ನೂ ಉಲ್ಟಾ ಮಾಡುತ್ತಾರೆ. ಬರೆದಿಟ್ಟ ಸುತ್ತಿನಿಂದ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ಆಚೀಚೆ ಮಾಡಿ ಐಡಲ್ ಎಲ್ಲಿ ಅತಿ ಹೆಚ್ಚು ಏರುತ್ತದೋ ಅಲ್ಲಿ ನಿಲ್ಲಿಸಿ, ಐಡಲ್ ಸ್ಕ್ರೂನಿಂದ ಇಳಿಸಿ. ಆ ಜಾಗದಿಂದ ಕಾಲು ಸುತ್ತು ರಿಚ್ ಕಡೆಗೆ ಬಿಟ್ಟರೆ ಹೊರಡುವಾಗಿನ ತಡವರಿಕೆಗೆ ಒಳ್ಳೆಯದು.

ಕಾಕಾನ ಗಾಡಿಗೆ ಹೊಸ ಬಿಲ್ಲೆ, ಹೊಸ ಓ-ರಿಂಗ್ ಹಾಕಿ, ಉಜ್ಜಿ ನೆಟ್ಟಗೆ ಮಾಡಿದ ಅದರದೇ ಮೂಲ ಕಾರ್ಬರೇಟರ್ ಕೂರಿಸಿದೆ. ಐಡಲ್ ಸ್ಕ್ರೂ ಹೊರಗೆ ತಂದೆ. ಸಂಜೆ ಅವರನ್ನೇ ಹಿಂದೆ ಕೂರಿಸಿಕೊಂಡು ರಿಂಗ್ ರೋಡಿಗೆ ಹೋದೆ. ಕಾಲು ಗೆರೆ, ಅರ್ಧ ಗೆರೆ, ಮುಕ್ಕಾಲು ಗೆರೆ ಎಂದು ಅವರು ಹಿಂದಿನಿಂದ ಎಣಿಸುತ್ತ ಬಂದರು. ಎಲ್ಲೂ ಹಿಡಿಯಲಿಲ್ಲ. ವಾಪಸ್ ಬಂದಾಗ ಟೇಪ್ ಕೀಳಲು ಹೋದರೆ ಕೈ ಹಿಡಿದರು.

"ಇರ್ಲಿ ಬಿಡೋ ತಮ್ಮಾ. ಮುಂದಿನ್ ಸಲ ಹಿಡೀತಂದ್ರ ಯಾವ ಗೆರಿಗಂತ ಫೋನಿನಾಗೇ ಹೇಳ್ತೀನಿ."

ಉಳಿದ ಎರಡು ಕಾರ್ಬರೇಟರ್‌ಗಳು ಈಗ ನಮ್ಮ ಗ್ಯಾರೇಜಿನ ಹಲಗೆಯ ಮೇಲಿವೆ. ಹೊಸ ಹುಡುಗರು ಬಂದಾಗ ಮೊದಲು ಬಿಚ್ಚಲು ಕೊಡುವುದು ಅವನ್ನೇ.